ಕಾಲಿನಳತೆಯ ಗಾಲಿ

ಇಂದು ಸೈಕಲ್ಲನ್ನು ಕೊಳ್ಳಹೋದವನು ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುವಷ್ಟು ಆಸ್ಥೆಯಿಂದ ತನ್ನ ಕಾಲಿನ ಉದ್ದವನ್ನು ವಿಚಾರಿಸುವುದಿಲ್ಲ; ಆದರೆ 1870ರ ದಶಕದ ಇಂಗ್ಲೆಂಡಿನಲ್ಲಿ ಆ ಅಳತೆಯೇ ವ್ಯಾಪಾರದ ಮೊದಲ ಮಾತಾಗಿದ್ದಿತು.

1817ರಲ್ಲಿ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ನಡೆಸಿದ ಮರದ ವಾಹನಕ್ಕೆ ಪೆಡಲುಗಳೇ ಇರಲಿಲ್ಲವಾದ್ದರಿಂದ, ಕುಳಿತವನ ಪಾದಗಳು ನೆಲಕ್ಕೆ ನಿಲುಕಿದರೆ ಸಾಕಾಗಿದ್ದಿತು. ಅರ್ಧ ಶತಮಾನದ ಅನಂತರ ಪ್ಯಾರಿಸ್ಸಿನ ಕುಶಲಿಗಳು ಪೆಡಲನ್ನು ಮುಂದಿನ ಗಾಲಿಯ ಅಚ್ಚಿಗೇ ಜೋಡಿಸಿದಾಗ ತೊಡಕು ಆರಂಭವಾಯಿತು. ಪೆಡಲು ಒಂದು ಸುತ್ತು ಬಂದರೆ ಗಾಲಿಗೂ ಒಂದೇ ಸುತ್ತು; ಆದಕಾರಣ ವೇಗವನ್ನು ಬಯಸುವವನು ಗಾಲಿಯನ್ನೇ ಹಿಗ್ಗಿಸಬೇಕು. ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮೊದಲಾದವರು ಬಿಗಿದ ತಂತಿಯ ಕಡ್ಡಿಗಳಿಂದ ಹಗುರವಾದ ಮಹಾಚಕ್ರಗಳನ್ನು ನಿರ್ಮಿಸತೊಡಗಿದ ಮೇಲೆ, ಸವಾರನ ತೊಡೆಸಂದಿನಿಂದ ಅಂಗಾಲಿನವರೆಗಿನ ಉದ್ದವೊಂದೇ ಆ ಹಿಗ್ಗುವಿಕೆಗೆ ಎಲ್ಲೆಯಾಗಿ ಉಳಿಯಿತು. 54 ಅಂಗುಲದ ಗಾಲಿ ಒಂದು ಸುತ್ತಿಗೆ ಸುಮಾರು 14 ಅಡಿ ಸಾಗಿದರೆ, 60 ಅಂಗುಲದ್ದು 15 ಅಡಿಯನ್ನೂ ಮೀರುವುದು. ನೀಳಕಾಲಿನವನು ಹುಟ್ಟಿನಿಂದಲೇ ಅರ್ಧ ಪಂದ್ಯವನ್ನು ಗೆದ್ದವನು. ಗಿಡ್ಡನು ಭೀಮಬಲನಾದರೂ ಚಿಕ್ಕ ಗಾಲಿಯಲ್ಲೇ ತೃಪ್ತನಾಗಬೇಕು. ಅಣ್ಣನ ಜೋಡು ತಮ್ಮನ ಕಾಲಿಗೆ ಬಾರದಂತೆ ಅಣ್ಣನ ವಾಹನವೂ ತಮ್ಮನಿಗೆ ಒದಗುತ್ತಿರಲಿಲ್ಲ. ನಿಡಿದಾದ ಲಂಗವನ್ನುಟ್ಟ ಸ್ತ್ರೀಯರ ಮಾತನ್ನಂತೂ ಎತ್ತುವುದೇ ಬೇಡ.

ಈ ಕಟ್ಟನ್ನು ಬಿಡಿಸಿದವನು ಅದೇ ಜೇಮ್ಸನ ಸಹೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ. 1885ರ ಅವನ ‘ರೋವರ್’ನಲ್ಲಿ ಚೈನು ಹಿಂದಿನ ಗಾಲಿಯನ್ನು ತಿರುಗಿಸುತ್ತಿದ್ದುದರಿಂದ, ವೇಗವನ್ನು ಹಲ್ಲುಚಕ್ರಗಳ ಪ್ರಮಾಣವೇ ನಿರ್ಣಯಿಸತೊಡಗಿತು, ಗಾಲಿಯು ಕಾಲಿನ ಋಣದಿಂದ ಮುಕ್ತವಾಯಿತು. ಒಂದು ಬೋಲ್ಟನ್ನು ಸಡಿಲಿಸಿ ಸೀಟನ್ನು ಏರಿಸಿಯೋ ಇಳಿಸಿಯೋ ಮತ್ತೆ ಬಿಗಿದರೆ ಭಿನ್ನ ಭಿನ್ನ ಎತ್ತರದವರು ಒಂದೇ ವಾಹನವನ್ನೇರಬಹುದಾಗಿತ್ತು. ಮರುವರ್ಷಗಳಲ್ಲಿ ಬಂದ ಡನ್‌ಲಪ್‌ನ ಗಾಳಿಯ ಟಯರಿಗೆ ಲೋಕವು ಹೆಚ್ಚಿನ ಕೀರ್ತಿಯನ್ನಿತ್ತಿದೆಯಾದರೂ, ನನ್ನ ಮಟ್ಟಿಗೆ ಆ ಅಲ್ಪವಾದ ಬೋಲ್ಟೇ ಹಿರಿದು.

ನಮ್ಮ ಮನೆಗಳ ಮಕ್ಕಳಿಗಾದರೋ ಅದರ ಉಪಕಾರವೂ ಸಾಲದಾಯಿತು. ಇಲ್ಲಿ ರೂಢಿಯಲ್ಲಿದ್ದ 22 ಮತ್ತು 24 ಅಂಗುಲದ ಚೌಕಟ್ಟುಗಳು ಪ್ರಾಯದ ಗಂಡಸಿಗೆಂದೇ ಮಾಡಿದವು. ಸೀಟನ್ನು ತಳಕ್ಕಿಳಿಸಿದರೂ ಹತ್ತು ವರ್ಷದ ಹುಡುಗನ ಕಾಲು ಪೆಡಲನ್ನು ಮುಟ್ಟದು. ಅದಕ್ಕಾಗಿಯೇ ಒಳಪೆಡಲಿನ ವಿದ್ಯೆ ಹುಟ್ಟಿತು: ಎಡಗೈ ಹ್ಯಾಂಡಲಿನ ಮೇಲೆ, ಬಲದ ಕಂಕುಳು ಸೀಟಿನ ಮೇಲೆ, ಬಲಗಾಲು ಬಾರಿನ ಕೆಳಗಿಂದ ತೂರಿ ಆಚೆಯ ಪೆಡಲಿನ ಮೇಲೆ, ಹೀಗೆ ಸೊಂಟವನ್ನು ಡೊಂಕಾಗಿಸಿ, ಮೊದಲು ಅರೆಸುತ್ತು, ಧೈರ್ಯ ಬಂದ ಮೇಲೆ ಪೂರ್ಣಸುತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಚಿಕ್ಕ ಸೈಕಲ್ಲುಗಳೂ ಇರುತ್ತಿದ್ದುದುಂಟು. ಆದರೆ ಅವಕ್ಕೆ ಕಾಸು ಬೇಕು, ಅಪ್ಪನ ಸೈಕಲ್ಲಿಗೆ ಅಪ್ಪನ ಮಧ್ಯಾಹ್ನದ ನಿದ್ದೆ ಸಾಕು.