ಕಿರೀಟ ಕೊಟ್ಟ ಸಮುದ್ರರಾಜ ಮತ್ತು ಕೊಡಗಿನ ಗೌರಮ್ಮ

ಇಂಗ್ಲೆಂಡಿನ ದಕ್ಷಿಣಕ್ಕೆ ಐಲ್ ಆಫ್ ವೈಟ್ ಎಂಬ ದ್ವೀಪ. ಅಲ್ಲಿ ವಿಕ್ಟೋರಿಯಾ ರಾಣಿ ಸಂಸಾರ ಸಮೇತ ಬಂದು ಇರುತ್ತಿದ್ದ ಓಸ್ಬೋರ್ನ್ ಹೌಸ್ ಇದೆ. ಆ ಮನೆಯ ದೊಡ್ಡ ಮೆಟ್ಟಿಲು ಹತ್ತಿದರೆ ಮೇಲೆ ಗೋಡೆ ತುಂಬ ಒಂದು ಚಿತ್ರ. 1847ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಡೈಸ್ ಹಸಿ ಗಾರೆಯ ಮೇಲೆ ಬರೆದದ್ದು.

ನಮಗೆ ವರುಣ ಇದ್ದ ಹಾಗೆ ರೋಮನ್ನರಿಗೆ ನೆಪ್ಚೂನ್. ಚಿತ್ರದಲ್ಲಿ ಅವನು ಬಿಳಿ ಕುದುರೆಗಳನ್ನು ಕಟ್ಟಿಕೊಂಡು ಕಡಲ ಮೇಲೆ ಬಂದಿದ್ದಾನೆ. ದಡದಲ್ಲಿ ಬ್ರಿಟಾನಿಯಾ, ಅಂದರೆ ನಾವು ಭಾರತಮಾತೆ ಅನ್ನುವ ಹಾಗೆ ಅವರ ದೇಶಮಾತೆ. ನೆಪ್ಚೂನ್ ತನ್ನ ಕಿರೀಟವನ್ನು ಅವಳಿಗೆ ಒಪ್ಪಿಸುತ್ತಿದ್ದಾನೆ. ಸಮುದ್ರದ ಒಡೆತನ ಇನ್ನು ನಿನ್ನದು ಅಂತ. ಯುದ್ಧ ಇಲ್ಲ, ರಕ್ತ ಇಲ್ಲ. ದೇವರೇ ಮನಸಾರೆ ಕೊಟ್ಟುಬಿಟ್ಟ!

ಈ ಕಥೆ ಕೊಡಗಿನವರಾದ ನಮಗೆ ಎಲ್ಲೋ ಕೇಳಿದ ಹಾಗಿದೆ. 1834ರ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ನಾಲ್ಕು ತುಕಡಿಗಳಾಗಿ ಇಲ್ಲಿಗೆ ನುಗ್ಗಿತು. ಉತ್ತರದಲ್ಲಿ ನಮ್ಮವರು ಅವರನ್ನು ಹೊಡೆದು ಹಿಮ್ಮೆಟ್ಟಿಸಿದ್ದೂ ಉಂಟು. ಕೊನೆಗೆ ಚಿಕ್ಕವೀರರಾಜೇಂದ್ರ ಶರಣಾದ. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ ಹೇಳಿದ್ದೇನು? ಕೊಡಗಿನ ಜನರೆಲ್ಲ ಒಮ್ಮತದಿಂದ ಬಯಸಿದ್ದಕ್ಕೇ ರಾಜ್ಯವನ್ನು ಕಂಪನಿ ವಹಿಸಿಕೊಂಡಿದೆ ಅಂತ.

ರಾಜನ ಕ್ರೌರ್ಯಕ್ಕೆ ಬೇಸತ್ತವರು ಇದ್ದರು, ಸುಳ್ಳಲ್ಲ. ಆದರೆ ಎಲ್ಲರೂ ಬಯಸಿದ್ದರೆ ಮೂರೇ ವರ್ಷಕ್ಕೆ ಸುಳ್ಯದ ಕಡೆಯಿಂದ ಬಂಡಾಯ ಏಕೆ ಎದ್ದಿತು? ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದು ಏಕೆ?

ನಮ್ಮ ಪುರಾಣದ ನೀರಂತೂ ಹೀಗೆ ಕೈ ಬದಲಾಗುವುದಲ್ಲ. ಅಗಸ್ತ್ಯರ ಕಮಂಡಲದಲ್ಲೇ ಕಾವೇರಿ ನಿಲ್ಲಲಿಲ್ಲ. ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗುವಷ್ಟು ರಭಸದಲ್ಲಿ ಹರಿದುಹೋದಳು. ಕೊಡವತಿಯರು ಇಂದಿಗೂ ನೆರಿಗೆ ಹಿಂದಕ್ಕೆ ಉಡುವುದು ಅದಕ್ಕೇ ಅಂತ ಅಜ್ಜಿಯರು ಹೇಳುತ್ತಾರೆ.

ರಾಜ ಕಾಶಿಯಲ್ಲಿ ಸೆರೆಯಾಳಿನಂತೆ ಇದ್ದ. ಕಂಪನಿಯಲ್ಲಿ ಇಟ್ಟಿದ್ದ ತನ್ನ ಮನೆತನದ ಹಣ ಕೇಳಲು 1852ರಲ್ಲಿ ಕಡಲು ದಾಟಿ ಲಂಡನ್ನಿಗೆ ಹೋದ. ಜೊತೆಯಲ್ಲಿ ಹನ್ನೊಂದರ ಆಸುಪಾಸಿನ ಮಗಳು ಗೌರಮ್ಮ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ಅಪ್ಪನಿಗೆ ಹಣ ಸಿಗಲಿಲ್ಲ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕರ್ನಲ್ ಕ್ಯಾಂಬೆಲ್ ಎಂಬಾತನನ್ನು ಮದುವೆಯಾದ ಗೌರಮ್ಮ ಒಂದು ಹೆಣ್ಣು ಮಗು ಬಿಟ್ಟು 1864ರಲ್ಲಿ ಹೋದಳು. ಊರು ನೋಡಲು ಬರಲೇ ಇಲ್ಲ.

1852ರಲ್ಲಿ ಆಸ್ಥಾನದ ಕಲಾವಿದ ವಿಂಟರ್‌ಹಾಲ್ಟರ್ ರಾಣಿಗಾಗಿ ಅವಳ ಚಿತ್ರ ಬರೆದಿದ್ದ. ಭಾರತದ ಉಡುಗೆ, ಮೈತುಂಬ ಒಡವೆ. ಆ ಚಿತ್ರ ಇರುವುದೂ ಓಸ್ಬೋರ್ನ್ ಹೌಸ್‌ನಲ್ಲೇ, ದರ್ಬಾರ್ ಕಾರಿಡಾರಿನಲ್ಲಿ. ಮುಖ್ಯ ಮೆಟ್ಟಿಲ ಗೋಡೆ ಮಾತ್ರ ನೆಪ್ಚೂನನದು.