ಸಿಪಿಸಿಆರ್‌ಐ ಮತ್ತು ಒಂದು ತೆಂಗಿನ ಸಸಿಯ ಲೆಕ್ಕ

ಕಾಸರಗೋಡು ಸಮೀಪ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ನಮ್ಮವರ ಬಾಯಲ್ಲಿ ಬರೀ ಸಿಪಿಸಿಆರ್‌ಐ. 1916ರಲ್ಲಿ ಮದ್ರಾಸ್ ಸರಕಾರ ಇಲ್ಲಿ ತೆಂಗು ಸಂಶೋಧನಾ ಕೇಂದ್ರ ಆರಂಭಿಸಿದಾಗ ಕಾಸರಗೋಡು ದಕ್ಷಿಣ ಕೆನರಾ ಜಿಲ್ಲೆಯಲ್ಲಿತ್ತು. 1970ರಲ್ಲಿ ವಿಟ್ಲದ ಅಡಿಕೆ ಕೇಂದ್ರವೂ ಸೇರಿ ಈಗಿನ ಸಂಸ್ಥೆಯಾಯಿತು. ತೆಂಗು, ಅಡಿಕೆ, ಕೊಕ್ಕೊ ಇಲ್ಲಿನ ಮುಖ್ಯ ಬೆಳೆಗಳು. 1972ರಲ್ಲಿ ಬಂದ 'ಮಂಗಳ' ಅಡಿಕೆ ತಳಿ ವಿಟ್ಲದ್ದೇ.

ತೆಂಗಿನ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಸಸಿ ಕೆಟ್ಟದ್ದಾದರೆ ಅಂಗಡಿ ಸರಕಿನ ಹಾಗೆ ವಾಪಸ್ ಕೊಡಲಿಕ್ಕೆ ಆಗ್ತದಾ? ಸಂಸ್ಥೆಯ 'ಚಂದ್ರಸಂಕರ' ತಳಿಯನ್ನೇ ನೋಡಿ. ಚಾವಕ್ಕಾಡ್ ಕಿತ್ತಳೆ ಗಿಡ್ಡ ತಾಯಿ, ಪಶ್ಚಿಮ ಕರಾವಳಿಯ ಎತ್ತರದ ತೆಂಗು ತಂದೆ. ಮರ ಹತ್ತಿ, ತಾಯಿಮರದ ಹೊಂಬಾಳೆಯಿಂದ ಗಂಡು ಹೂಗಳನ್ನು ತೆಗೆದು, ಎತ್ತರದ ಮರದ ಪರಾಗವನ್ನು ಹೆಣ್ಣು ಹೂವಿಗೆ ಕೈಯಾರೆ ಹಾಕಬೇಕು. ಅಷ್ಟು ಕೆಲಸ ಇರುವುದರಿಂದಲೇ ಸಸಿಗೆ ಯಾವಾಗಲೂ ಕ್ಯೂ. ನರ್ಸರಿಯಲ್ಲಿ ಎಲೆದಂಟಿನ ಬಣ್ಣ ನೋಡಿ ಮತ್ತೊಮ್ಮೆ ಆರಿಸುತ್ತಾರೆ: ಅಪ್ಪಟ ಕಿತ್ತಳೆ ಬಣ್ಣವಾದರೆ ಅದು ತಾಯಿಯ ತಳಿಯೇ, ಕಂದು ಛಾಯೆಯದ್ದು ಸಂಕರ.

ಬೇಗ ಕಾಯಿ ಬಿಡ್ತದೆ, ನಿಜ. ಆದರೆ ನೀರು, ಗೊಬ್ಬರ ತಪ್ಪಿಸುವಂತಿಲ್ಲ. ಇನ್ನೊಂದು, ಸಂಕರ ಮರದ ಕಾಯಿಯನ್ನೇ ಬಿತ್ತನೆಗೆ ಇಟ್ಟರೆ ಮುಂದಿನ ಸಸಿಗಳಲ್ಲಿ ಅದೇ ಗುಣ ಉಳಿಯುವುದಿಲ್ಲ. ಕಡಿಮೆ ಬೆಲೆಗೆ 'ಹೈಬ್ರಿಡ್' ಎಂದು ಯಾರಾದರೂ ಮಾರುತ್ತಿದ್ದರೆ ತಾಯಿಮರ ಯಾವುದು, ತಂದೆ ಯಾವುದು ಎಂದು ಮೊದಲು ಕೇಳಿ.