ಬೀದರ್‌ನ ಬೇಟೆ ಮತ್ತು ಅದರ ಮರ್ಯಾದೆ

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದುದರ ಹಿಂದೆ ಜನರು ಒಂದು ಬೇಟೆಯ ಕಥೆ ಹೇಳುತ್ತಾರೆ: ಇಲ್ಲಿ ನರಿಯೊಂದು ಬೇಟೆನಾಯಿಗಳನ್ನೇ ಎದುರಿಸಿತಂತೆ! ಅರಸರಿಗೆ ಬೇಟೆ ವಿನೋದವಾಗಿತ್ತು. ಆದರೆ ನಮ್ಮ ಧರ್ಮವು ಬೇಟೆಯನ್ನು ಅನುಮತಿಸಿದ್ದು ಆಹಾರಕ್ಕಾಗಿ, ಅಲ್ಲಾಹನ ನಾಮ ಉಚ್ಚರಿಸಿ. ಜೀವಂತ ಪ್ರಾಣಿಯನ್ನು ಬಾಣದ ಗುರಿಯಾಗಿಸಿ ಆಡುವುದನ್ನು ಪ್ರವಾದಿ(ಸ)ಯವರು ನಿಷೇಧಿಸಿದರು. ಮೈಮೂನಾ(ರ)ರ ಮನೆಯ ದಾಸಿಗೆ ದಾನವಾಗಿ ಬಂದ ಆಡು ಸತ್ತುಬಿದ್ದಾಗ, ಚರ್ಮವನ್ನಾದರೂ ಹದಮಾಡಿ ಬಳಸಬಾರದಿತ್ತೇ ಎಂದು ಕೇಳಿದರು. ತೊಡೆಯ ಮಾಂಸವನ್ನಷ್ಟೇ ಕೊಯ್ದು ಉಳಿದುದನ್ನು ಪೊದೆಗೆಸೆಯುವ ಬೇಟೆಗಾರನಿಗೆ ಇಲ್ಲಿ ಯಾವ ಆಸರೆಯೂ ಇಲ್ಲ.

ಬೀದರ್, ಭಾಲ್ಕಿ, ಔರಾದ್‌ಗಳ ಬಯಲಿನ ಕೃಷ್ಣಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಲಾಲ್ ಆದುದನ್ನು ಕಾಯ್ದೆ ತಡೆಯಬಹುದೇ ಎಂದು ಕೆಲವರು ಕೇಳುವುದುಂಟು. ಇಹ್ರಾಮ್‌ನಲ್ಲಿರುವವರಿಗೆ ನೆಲದ ಬೇಟೆಯನ್ನು ನಿಷೇಧಿಸಿದ್ದು ಸ್ವತಃ ಕುರ್‌ಆನ್! ಏನನ್ನೂ ಪೋಲುಮಾಡದ ಆ ಕಲಿಕೆಯನ್ನು ನಾವಿಂದು ಬಕ್ರೀದಿನ ಕುರ್ಬಾನಿಯಲ್ಲಿ ಪಾಲಿಸುತ್ತೇವೆ: ಮಾಂಸ ಬಂಧುಗಳಿಗೂ ಬಡವರಿಗೂ, ಕಾಲುಗಳು ಪಾಯಾಕ್ಕೆ, ಚರ್ಮ ಮದರಸಕ್ಕೆ.